ಉಣಿಸುವ ಕೈ ಮೊದಲು ಉಣ್ಣಬೇಕು

ಕೊಳಾಲದ ಕದರಮ್ಮನ ಬಾಯಿಗೆ ಹೆದರದವರು ಆ ಕಾಲಕ್ಕೆ ಇಡೀ ಕೊರಟಗೆರೆ ತಾಲ್ಲೂಕಿನಲ್ಲಿ ಇಬ್ಬರೇ ಇದ್ದರು. ಇಬ್ಬರಿಗೂ ನಾಲ್ಕು ನಾಲ್ಕು ಕಾಲು, ಎರಡೆರಡು ಕೊಂಬು. ದೊಡ್ಡವನು ದೊಡ್ಡಯ್ಯ, ಚಿಕ್ಕವನು ಸಣ್ಣಯ್ಯ. ಅವಳು ಊರೆಲ್ಲ ನಡುಗುವಂತೆ ಕೂಗಾಡಿದರೂ ಈ ಎರಡು ಹಳ್ಳಿಕಾರ್ ಎತ್ತುಗಳು ಕಿವಿ ಸಹ ಅಲುಗಿಸದೆ ಮೆಲುಕು ಹಾಕುತ್ತಿದ್ದವು. ಉಳಿದವರೆಲ್ಲ ಹೆದರುತ್ತಿದ್ದರು. ಎಲ್ಲರಿಗಿಂತ ಮೊದಲು ಹೆದರುತ್ತಿದ್ದವನು ಅವಳ ಗಂಡ ಬೈರಪ್ಪ.

ಬೈರಪ್ಪ ಒಳ್ಳೆಯವನು. ಒಳ್ಳೆಯವನು ಅಂದರೆ ನಾಲ್ಕು ಜನ ಸೇರಿದ ಕಡೆ ಬಾಯಿ ತೆರೆಯುತ್ತಿರಲಿಲ್ಲ, ಯಾರಾದರೂ ಏನಾದರೂ ಕೇಳಿದರೆ ಹೆಂಡತಿಯ ಮುಖ ನೋಡುತ್ತಿದ್ದ. ಜನ ನಗುತ್ತಿದ್ದರು. ನಗುವವರಿಗೇನು, ಆಡೋ ಬಾಯಿಗೆ ಬೀಗ ಉಂಟೇ? ಆದರೆ ರಾಗಿ ಹೊಲಕ್ಕೆ ಅವನಷ್ಟು ಅಚ್ಚುಕಟ್ಟಾಗಿ ಕುಂಟೆ ಹೊಡೆಯುವವನು ಆ ಹೋಬಳಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂಬುದನ್ನೂ ಹೇಳಬೇಕು. ಅದನ್ನು ಯಾರೂ ಹೇಳುತ್ತಿರಲಿಲ್ಲ.

ಎತ್ತುಗಳ ಪೂರ್ತಿ ಯಜಮಾನಿಕೆ ಮಾತ್ರ ಕದರಮ್ಮನದು. ಹಾಲು ಬಿಡದ ಕರುಗಳನ್ನು ತಂದು, ತಾನೇ ಸಾಕಿ, ತಾನೇ ನೊಗಕ್ಕೆ ಪಳಗಿಸಿದವಳು ಅವಳು. ಬಂಡೆ ಎಳೆಸುವ ಸ್ಪರ್ಧೆಗೂ ತಾನೇ ನಿಲ್ಲುತ್ತಿದ್ದಳು. ಪಾವಗಡದ ಕಡೆ ಆ ಸ್ಪರ್ಧೆಯೆಂದರೆ ಜನಕ್ಕೆ ಹುಚ್ಚು. ಹದಿನಾರು ಜನ ಸನ್ನೆಗೋಲು ಹಾಕಿದರೂ ಮಿಸುಕದಂಥ ಕಲ್ಲುಬಂಡೆಗೆ ಹಗ್ಗ ಕಟ್ಟಿ, ಒಂದು ಜೋಡಿ ಎತ್ತು ಹೂಡಿ, ಕಾಲು ಗಂಟೆಯಲ್ಲಿ ಎಷ್ಟು ಅಡಿ ಎಳೆಯುತ್ತವೆಂದು ಸರಪಳಿ ಹಿಡಿದು ಅಳೆಯುವುದು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಎರಡೂ ಕೂಡಿಸಿ ಹೆಚ್ಚು ಎಳೆದವರು ನಾಲ್ಕು ತಾಲ್ಲೂಕಿಗೆ ಮೇಲು. ಗಂಡಸರು ಬಾರುಕೋಲು ಬೀಸಿ, ಬಾಲ ತಿರುಚಿ, ಆರ್ಭಟ ಮಾಡಿ ಎಳೆಸುತ್ತಿದ್ದರು. ಕದರಮ್ಮ ಸೀರೆ ಕಚ್ಚೆ ಕಟ್ಟಿ, ಬರಿಗೈಯಲ್ಲಿ ಎತ್ತುಗಳ ಪಕ್ಕ ನಡೆಯುತ್ತ, "ಬಾರಪ್ಪ ದೊಡ್ಡಯ್ಯ, ನಡೀ ನನ್ನಪ್ಪ" ಎಂದು ಮಾತಾಡಿಸಿಕೊಂಡೇ ಎಳೆಸುತ್ತಿದ್ದಳು. ಹೊಡೆತಕ್ಕೆ ಎಳೆಯುವ ಎತ್ತು ಬೇರೆ, ಮಾತಿಗೆ ಎಳೆಯುವ ಎತ್ತು ಬೇರೆ. ಇದು ಗೊತ್ತಿಲ್ಲದವರು ಎತ್ತು ಕಟ್ಟಬಾರದು.

ಈಗ ಆ ಸ್ಪರ್ಧೆಯ ನಿಯಮದ ವಿಷಯ ಹೇಳಬೇಕು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಪಾವಗಡದ ಕೋಟೆ ಬೆಟ್ಟದ ಕೆಳಗಿನ ಬಯಲಿನಲ್ಲಿ ಒಬ್ಬ ದೊಡ್ಡ ಮನುಷ್ಯರ ಎತ್ತು ಬಂಡೆ ಎಳೆಯುತ್ತ ಎಳೆಯುತ್ತಲೇ ಮುಗ್ಗರಿಸಿ ಬಿತ್ತು. ಅದಕ್ಕೆ ಬಿದಿರಿನ ಗೊಟ್ಟದಲ್ಲಿ ಸಾರಾಯಿ, ಗಾಂಜಾ ಕದಡಿ ಗಂಟಲಿಗೆ ಹೊಯ್ದಿದ್ದರು. ಆಗ ಅದು ಗುಟ್ಟೇನೂ ಆಗಿರಲಿಲ್ಲ, ಹೊಯ್ಯದವರೇ ಕಡಿಮೆ. ಯಜಮಾನರು ದೂರ ನಿಂತು ನೋಡುತ್ತಿದ್ದಾಗ ಓಡಿಹೋಗಿ ಆ ಎತ್ತಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು ಕದರಮ್ಮ. ಕಣ್ಣು ಕೆಂಪಗೆ ಅಗಲವಾಗಿ ತೆರೆದಿತ್ತು. ಎದೆಯ ಮೇಲೆ ಕೈಯಿಟ್ಟರೆ ಒಳಗೆ ಯಾರೋ ಒನಕೆಯಲ್ಲಿ ಕುಟ್ಟುತ್ತಿರುವ ಹಾಗೆ ಬಡಿದುಕೊಳ್ಳುತ್ತಿತ್ತು. ಆಮೇಲೆ ನಿಂತಿತು.

ಆವತ್ತು ಅವಳು ಆಡಿದ ಮಾತನ್ನು ಇಡೀ ಬಯಲು ಕೇಳಿತು. ತೀರ್ಪುಗಾರರು ನಂದೀಶ್ವರಯ್ಯ ಅಂತ. ದನದ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು, ಕನ್ನಡಕದ ಒಂದು ಕಡೆಗೆ ಕಡ್ಡಿಯ ಬದಲು ದಾರ ಕಟ್ಟಿಕೊಂಡಿರುತ್ತಿದ್ದರು. ಕದರಮ್ಮ ಎದ್ದವಳೇ ಅವರ ಮುಂದೆ ನಿಂತು, "ಮೂಕ ಪ್ರಾಣಿ ಹೆಂಗೆ ಹೇಳುತ್ತೆ ಸ್ವಾಮಿ, ನಂಗೆ ಎದೆ ಹಾರ್ತಾ ಐತೆ ಅಂತ? ಮುಂದಿನ್ ವರ್ಷದಿಂದ ಎತ್ತಿಗೆ ಏನ್ ಹಾಕ್ತಾರೋ ಅದ್ನ ಯಜಮಾನ್ನೇ ಮೊದ್ಲು ತಿನ್ಲಿ! ತಿಂದು ನಿಮ್ ಕಣ್ ಮುಂದೆ ಕುಂತ್ಕಳ್ಳಿ. ಅವ್ನಿಗೆ ಏನಾಯ್ತದೆ ನೋಡನ, ಆಮ್ಯಾಕೆ ಎತ್ತಿಗೆ ಹಾಕ್ಲಿ!" ಎಂದು ಕೂಗಿದಳು.

ನಂದೀಶ್ವರಯ್ಯ ಅದನ್ನು ಹಾಗೇ ಬರೆದುಕೊಂಡರು. ಮುಂದಿನ ವರ್ಷ ಬಯಲಿನ ಹುಣಸೆ ಮರಕ್ಕೆ ಕರಿ ಹಲಗೆ ಏರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆ ಹಲಗೆ ಓದಿದ ಕೂಡಲೇ ನಾಲ್ಕು ಜೋಡಿ ಎತ್ತು ಬಂದ ದಾರಿ ಹಿಡಿದು ಊರಿಗೆ ವಾಪಸಾದವು. ಇನ್ನೊಬ್ಬ ಮಹಾರಾಯ ಏನಾಗುತ್ತದೆ ಅಂದುಕೊಂಡು ತನ್ನ ಗೊಟ್ಟ ತಾನೇ ಕುಡಿದು, ತೀರ್ಪುಗಾರರ ಎದುರು ಕೂತು ಮೊದಲು ಹಾಡಿದ, ಆಮೇಲೆ ಅತ್ತ, ಆಮೇಲೆ ನಂದೀಶ್ವರಯ್ಯನವರ ತೊಡೆಯ ಮೇಲೆಯೇ ಮಲಗಿಬಿಟ್ಟ. ಜನ ಆ ವರ್ಷ ಎತ್ತಿಗಿಂತ ಹೆಚ್ಚಾಗಿ ಅವನನ್ನೇ ನೋಡಿದರು. ಅಲ್ಲಿಗೆ ಗೊಟ್ಟದ ಕಾಟ ನಿಂತಿತು.

ಅರವತ್ತೊಂದರ ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ ನಾನು ಹೇಳಹೊರಟಿರುವ ಸ್ಪರ್ಧೆ ನಡೆಯಿತು. ಕದರಮ್ಮನ ಜೋಡಿ ಹಿಂದಿನ ಎರಡು ವರ್ಷವೂ ಎರಡನೆಯ ಸ್ಥಾನಕ್ಕೇ ನಿಂತಿತ್ತು. ಹೋದ ಸಲ ಏಳೇ ಏಳು ಅಡಿ ಕಡಿಮೆ. ಈ ಸಲ ಗೆಲ್ಲಲೇಬೇಕಿತ್ತು. ಯಾಕೆಂದರೆ ದೊಡ್ಡಯ್ಯನ ಹಲ್ಲು ಸವೆದಿತ್ತು, ಮುಂದಿನ ವರ್ಷ ಅವನನ್ನು ಬಂಡೆಗೆ ಹೂಡುವುದು ಪಾಪ. ಅವನಂಥ ಎತ್ತು ನಾಲ್ಕು ತಾಲ್ಲೂಕಿನಲ್ಲಿ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅದು ಲೋಕಕ್ಕೂ ಗೊತ್ತಾಗಲು ಉಳಿದದ್ದು ಇದೊಂದೇ ದಿನ.

ಕೊಳಾಲದಿಂದ ಮಧುಗಿರಿ ಹಾದು ಪಾವಗಡಕ್ಕೆ ನಾಲ್ಕು ದಿನದ ನಡಿಗೆ. ಎತ್ತುಗಳನ್ನು ಗಾಡಿಗೆ ಕಟ್ಟದೆ ಬರಿಮೈಯಲ್ಲಿ ನಡೆಸಿದರು. ಹುರುಳಿ, ಬೆಲ್ಲ, ಹಿಂಡಿಯ ಮೂಟೆಯನ್ನು ಬೈರಪ್ಪ ಹೊತ್ತ. ಮಧುಗಿರಿ ದಾಟಿದ ಮೇಲೆ ಕದರಮ್ಮನ ಹಿಮ್ಮಡಿ ಒಡೆದು ರಕ್ತ ಬಂತು. ಕಾಲಿಗೆ ಬಟ್ಟೆ ಸುತ್ತಿಕೊಂಡು ನಡೆದಳು, ದಾರಿಯುದ್ದಕ್ಕೂ ಎತ್ತುಗಳ ಕಾಲನ್ನು ಮಾತ್ರ ನೋಡುತ್ತಿದ್ದಳು. ಹಿಂದೆ ಬರುತ್ತಿದ್ದ ಬೈರಪ್ಪ ಅವಳ ಕಾಲನ್ನು ನೋಡುತ್ತಿದ್ದ.

ಬೆಳಗಿನ ಸುತ್ತಿನಲ್ಲಿ ದೊಡ್ಡಯ್ಯ ಎಳೆದದ್ದನ್ನು ನೋಡಿದವರು ಸಾಯುವವರೆಗೂ ಮರೆಯಲಿಲ್ಲವಂತೆ. ಎದುರಾಳಿಗಳು ಒಟ್ಟು ಐದು ಜೋಡಿ. ಅವುಗಳಲ್ಲಿ ಭಯ ಹುಟ್ಟಿಸುವಂಥದ್ದು ಶಿರಾದ ನಿಯಾಜ್ ಅಹಮದರದು. ಅವರು ಎಣ್ಣೆ ಗಾಣದ ಸಾಹುಕಾರರು. ಅವರ ಎತ್ತುಗಳು ಗಾಣ ಸುತ್ತಿ ಸುತ್ತಿ ಕತ್ತು ಕಂಬದಂತಾಗಿದ್ದವು. ಒಂದೇ ದೋಷ, ನೆಟ್ಟಗೆ ಎಳೆಯಿರಿ ಅಂದರೂ ಎಡಕ್ಕೆ ಸುತ್ತಲು ನೋಡುತ್ತಿದ್ದವು. ಆದರೂ ಅವು ನೂರಾ ಎಂಬತ್ತು ಅಡಿ ಎಳೆದವು. ಕದರಮ್ಮ "ನಡೀ ನನ್ನಪ್ಪ" ಅಂದಳು ನೋಡಿ, ದೊಡ್ಡಯ್ಯ ಮಂಡಿ ಬಗ್ಗಿಸಿ, ಸಣ್ಣಯ್ಯನನ್ನೂ ತನ್ನ ಜೊತೆಗೆ ಎಳೆದುಕೊಂಡು, ಒಂದೇ ಹದದಲ್ಲಿ ನಡೆದ. ಸರಪಳಿ ಹಿಡಿದವರು ಇನ್ನೂರಾ ಹನ್ನೊಂದು ಅಂದರು. ಬಯಲೆಲ್ಲ ಹೋ ಎಂದಿತು.

"ಏಮಮ್ಮಾ ಕದರಮ್ಮ, ಎದ್ದುಲಕು ಮಂತ್ರ ಏನಾದ್ರೂ ಹೇಳ್ಕೊಟ್ಟಿದೀಯಾ?" ಎಂದ ಪಾಲಪ್ಪ. ಪಾವಗಡದ ಊರಿನವನೇ, ಅವನ ಜೋಡಿ ಎಲ್ಲಕ್ಕಿಂತ ಹಿಂದೆ ಬಿದ್ದಿತ್ತು, ಹೊಟ್ಟೆಕಿಚ್ಚಿಗೆ ಎತ್ತನ್ನು ಎದ್ದು ಅನ್ನುವ ತೆಲುಗೂ ಕನ್ನಡವೂ ಕಲೆಸಿ ಬರುತ್ತಿತ್ತು.

"ಮಂತ್ರ ಅಲ್ಲ ಕಣ್ಲಾ, ಹುರುಳಿ. ನೀನೂ ಹೊಟ್ಟೆ ತುಂಬ ಹಾಕು, ಎಳೀತವೆ" ಎಂದಳು ಕದರಮ್ಮ. ಜನ ನಕ್ಕರು. ಅವಳೂ ನಕ್ಕಳು. ಇಂಥ ಹೆಮ್ಮೆ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ. ಬೈರಪ್ಪನ ಮುಂದೆಯೇ ಅವಳು ಆಮೇಲೆ ಹಾಗೆಂದು ಹೇಳಿದ್ದುಂಟು, ಅವನೂ ಒಪ್ಪಿಕೊಂಡಿದ್ದ.

ಮಧ್ಯಾಹ್ನ ಎತ್ತುಗಳಿಗೆ ಮೇವಿನ ಹೊತ್ತು. ಆರೂ ಜನ ಯಜಮಾನರು ಹುಣಸೆ ಮರದ ನೆರಳಿನಲ್ಲಿ ಸಾಲಾಗಿ ಚಾಪೆಯ ಮೇಲೆ ಕೂತರು. ಎದುರಿಗೆ ಅವರವರ ತಪ್ಪಲೆ. ನಿಯಮದ ಪ್ರಕಾರ ಪ್ರತಿಯೊಬ್ಬರೂ ತಮ್ಮ ಎತ್ತಿಗೆ ಹಾಕುವುದನ್ನು ಒಂದು ಬಟ್ಟಲು ತುಂಬ ತಿಂದು, ಒಂದು ಗಂಟೆ ನಂದೀಶ್ವರಯ್ಯನವರ ಕಣ್ಣ ಮುಂದೆ ಕೂರಬೇಕು. ಆಮೇಲೆ ಎತ್ತಿಗೆ. ನಿಯಾಜ್ ಅಹಮದರು ಬಿಸ್ಮಿಲ್ಲಾ ಎಂದು ಹಿಂಡಿ ನೆನೆಸಿದ ನುಚ್ಚನ್ನು ಗಂಭೀರವಾಗಿ ಅಗಿಯತೊಡಗಿದರು. ಪಾಲಪ್ಪ ಮುಖ ಸಿಂಡರಿಸಿ ಹತ್ತಿಕಾಳು ನುಂಗಿದ. ಕದರಮ್ಮ ಬೈರಪ್ಪ ಬೇಯಿಸಿ ತಂದ ಹುರುಳಿ ಬೆಲ್ಲವನ್ನು ಗಬಗಬನೆ ತಿಂದಳು, ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ತಳದಲ್ಲಿ ಒಂದಿಷ್ಟು ಕಹಿ ಇತ್ತು. ಹುರುಳಿ ಸೀದಿರಬೇಕು ಅಂದುಕೊಂಡಳು.

ಅರ್ಧ ಗಂಟೆ ಕಳೆಯಿತು. ಅವಳಿಗೆ ಮೊದಲು ತಿಳಿದದ್ದು ಏನೆಂದರೆ, ಹಿಮ್ಮಡಿ ನೋಯುತ್ತಿಲ್ಲ. ನಾಲ್ಕು ದಿನ ನಡೆದ ಸೊಂಟವೂ ನೋಯುತ್ತಿಲ್ಲ. ನಾಲಿಗೆ ಒಣಗಿತ್ತು, ದವಡೆ ತನ್ನಷ್ಟಕ್ಕೇ ಬಿಗಿದುಕೊಳ್ಳುತ್ತಿತ್ತು. ಆಮೇಲೆ ತಿಳಿದದ್ದು, ತಾನು ದೊಡ್ಡಯ್ಯನ ಬಾಲ್ಯದ ಕಥೆಯನ್ನೆಲ್ಲ ಪಕ್ಕದಲ್ಲಿದ್ದ ನಿಯಾಜ್ ಅಹಮದರಿಗೆ ಎರಡನೆಯ ಸಲ ಮೊದಲಿನಿಂದ ಹೇಳುತ್ತಿದ್ದೇನೆ ಎಂಬುದು. ಪಾಪ, ಅವರು ಮರ್ಯಾದಸ್ಥರು, ಎರಡನೆಯ ಸಲವೂ ತಲೆದೂಗುತ್ತಿದ್ದರು. ಮೈಯಲ್ಲಿ ಎಂಥದೋ ಕಸುವು ತುಂಬಿಕೊಂಡು ಬರುತ್ತಿತ್ತು. ಎದ್ದು ಹೋಗಿ ಬಂಡೆಗೆ ತಾನೇ ಹೆಗಲು ಕೊಟ್ಟರೂ ಎಳೆದೇನು ಅನಿಸಿತು. ಇಷ್ಟು ಚೆನ್ನಾಗಿ ಅವಳಿಗೆ ಎಂದೂ ಅನಿಸಿರಲಿಲ್ಲ. ಅದಕ್ಕೇ ಅವಳಿಗೆ ಭಯವಾಯಿತು.

ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಒಳಗೆ ಯಾರೋ ಒನಕೆಯಲ್ಲಿ ಕುಟ್ಟುತ್ತಿದ್ದರು.

ಬೈರಪ್ಪ ಅವಳ ಬೆನ್ನ ಹಿಂದೆಯೇ ಕುಕ್ಕುರುಗಾಲಿನಲ್ಲಿ ಕೂತಿದ್ದ. ಅವಳು ತಿರುಗಿ ನೋಡಿದಳು. ಇಂಗು ತಿಂದ ಮಂಗನ ಹಾಗಿತ್ತು ಮುಖ.

"ಏನ್ ಹಾಕ್ದೆ?" ಎಂದು ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಕೇಳಿದ್ದು ಕಂಡೇ ಬೈರಪ್ಪನ ಜೀವ ಅರ್ಧ ಹೋಯಿತು.

"ಏನೂ ಇಲ್ಲ ಕಣೆ... ಕಡ್ಲೆಕಾಯಿ ಹಾಕಕ್ಕೆ ಶಿರಾ ಮಂಡಿಗೆ ಹೋಗಿದ್ನಲ್ಲ, ಅಲ್ಲಿ ಒಬ್ಬ ಲಾರಿ ಡ್ರೈವರು ಸಿಕ್ಕಿದ್ದ. ಎರಡು ಮಾತ್ರೆ ನುಂಗುದ್ರೆ ಪೂನಾದಿಂದ ಬೆಂಗ್ಳೂರ್ ತನಕ ಕಣ್ಣು ಮುಚ್ದಂಗೆ, ಆಯಾಸ ಇಲ್ದಂಗೆ ಬತ್ತೀನಿ ಅಂದ. ಮನ್ಸನಿಗೆ ಎರಡಾದ್ರೆ ಎತ್ತಿಗೆ ಎಷ್ಟು ಬೇಕು ಅಂತ ಯೋಚ್ನೆ ಮಾಡಿ ಮೂವತ್ತು ತಕಂಡೆ. ಅರ್ದು ಬೆಲ್ಲದಲ್ಲಿ ಕಲಸ್ಬುಟ್ಟೆ."

"ಬೆಳಿಗ್ಗೆ?"

"ಬೆಳಿಗ್ಗೆ ಇಲ್ಲ. ದೊಡ್ಡಯ್ಯನ ಮೇಲಾಣೆ. ನಾಕು ದಿನ ನಡ್ದವ್ನೆ, ಮಧ್ಯಾಹ್ನಕ್ಕೆ ದಣೀತಾನೆ ಅಂತ ಈಗ ಹಾಕ್ದೆ ಕಣೆ. ಹೋದ್ ವರ್ಷ ಏಳಡಿಗೆ ಸೋತಾಗ ನೀನು ಮೂರು ದಿನ ಉಣ್ಲಿಲ್ಲ. ಅದ್ನ ಇನ್ನೊಂದ್ ಸಲ ನೋಡಕ್ಕೆ ನನ್ ಕೈಲಿ ಆಗಕಿಲ್ಲ."

"ಹಲಗೇಲಿ ಮಾತ್ರೆ ಅಂತಾನೂ ಬರ್ದೈತಲ್ಲೋ!"

"ಮಾತ್ರೆ ಅಂದ್ರೆ ಔಷಧಿ ಅಲ್ವಾ? ಔಷಧಿ ಹೆಂಗೆ ತಪ್ಪಾಗುತ್ತೆ? ಮೊದ್ಲು ನೀನೂ ಒಂಚೂರು ತಿಂತೀಯ, ನಿನ್ ಕಾಲ್ನೋವೂ ಹೋಗುತ್ತೆ ಅಂದ್ಕಂಡೆ" ಎಂದ ಬೈರಪ್ಪ. ಅವನ ಕಣ್ಣಲ್ಲಿ ನೀರಿತ್ತು.

ಎಂಥ ಗಂಡನನ್ನು ಕೊಟ್ಟೆಯಪ್ಪ ದೇವರೇ! ಬೈಯೋಣವೆಂದರೆ ಪ್ರೀತಿಗೆ ಮಾಡಿದ್ದಾನೆ, ಬೈಯದಿರೋಣವೆಂದರೆ ಎತ್ತನ್ನು ಕೊಲ್ಲಲು ಹೊರಟಿದ್ದಾನೆ. ಆ ಬಿಸಿಲಿನಲ್ಲಿ, ಆ ವಯಸ್ಸಿಗೆ, ಎದೆ ಹೀಗೆ ಬಡಿದುಕೊಳ್ಳುತ್ತಿರುವಾಗ ಬಂಡೆ ಎಳೆಸಿದ್ದರೆ ದೊಡ್ಡಯ್ಯ ಇವತ್ತು ಸಂಜೆ ಕಾಣುತ್ತಿರಲಿಲ್ಲ. ಕದರಮ್ಮನಿಗೆ ಅಷ್ಟು ಹೊತ್ತಿಗೆ ಅದೇ ಮನಸ್ಸಿನಲ್ಲಿ ಸುತ್ತುತ್ತಿತ್ತು.

ನಂದೀಶ್ವರಯ್ಯ ಸಾಲಿನ ಮುಂದೆ ನಡೆದುಬಂದರು. ಎತ್ತುಗಳ ಕಣ್ಣು ನೋಡಿ ಅಭ್ಯಾಸವಾದವರು, ಯಜಮಾನರ ಕಣ್ಣನ್ನೂ ಹಾಗೇ ರೆಪ್ಪೆ ಎಳೆದು ನೋಡುತ್ತಿದ್ದರು. ಪಾಲಪ್ಪನದು ಆಯಿತು, ನಿಯಾಜ್ ಅಹಮದರದು ಆಯಿತು. ಕದರಮ್ಮನ ಹತ್ತಿರ ಬಂದು, ಹೆಂಗಸು ಎಂಬ ಸಂಕೋಚಕ್ಕೆ ಕೈ ಹಾಕದೆ, "ಏನಮ್ಮಾ, ತುಂಬ ಮಾತಾಡ್ತಿದ್ದೀಯಲ್ಲ?" ಎಂದರು.

"ಆಯಮ್ಮ ಯಾವತ್ತು ಬಾಯಿ ಮುಚ್ಕಂಡಿತ್ತು ಸಾಮೀ?" ಎಂದ ಪಾಲಪ್ಪ. ಎಲ್ಲರೂ ನಕ್ಕರು. ನಂದೀಶ್ವರಯ್ಯನವರೂ ನಕ್ಕು ಮುಂದಕ್ಕೆ ಹೋದರು.

ನೋಡಿ, ಹೇಗಿತ್ತು ಸಂದರ್ಭ. ಬೇರೆ ಯಾರಾದರೂ ಆಗಿದ್ದರೆ ಆ ಮಾತಿನ ಹೊಳೆಗೇ ಸಿಕ್ಕಿಬೀಳುತ್ತಿದ್ದರು. ಕದರಮ್ಮ ಮಾತಾಡುವುದು ಯಾರಿಗೂ ಹೊಸದಲ್ಲ. ನಿಯಮ ಮಾಡಿಸಿದವಳ ಮುಂದೆಯೇ ನಿಯಮ ಕುರುಡಾಗಿತ್ತು. ಗೊತ್ತಿದ್ದದ್ದು ಇಬ್ಬರಿಗೆ, ಒಬ್ಬ ಬಾಯಿ ಬಿಡುವವನಲ್ಲ.

ಎತ್ತಿಗೆ ತಿನ್ನಿಸಿ ಗೆಲ್ಲುವ ಯೋಚನೆ ಅವಳಿಗೆ ಒಂದು ಗಳಿಗೆಯೂ ಬರಲಿಲ್ಲ. ಆ ಮಾತನ್ನು ನಾನು ಅವಳ ಪರವಾಗಿ ಆಣೆ ಮಾಡಿ ಹೇಳಬಲ್ಲೆ. ಆದರೆ ಬೇರೊಂದು ಯೋಚನೆ ಬಂತು. ತಪ್ಪಲೆ ಕಾಲಿನ ಪಕ್ಕದಲ್ಲೇ ಇತ್ತು. ಬೆರಳು ತಾಗಿಸಿದರೆ ಉರುಳುತ್ತದೆ. "ಅಯ್ಯೋ ಚೆಲ್ಲೋಯ್ತು" ಅಂದರೆ ಮುಗಿಯಿತು. ಎತ್ತುಗಳಿಗೆ ಬರೀ ಹುಲ್ಲು ಹಾಕಿ, ನೀರು ಕುಡಿಸಿ ಹೂಡಿದರೆ ದೊಡ್ಡಯ್ಯ ಹುಲ್ಲಿನ ಮೇಲೆಯೇ ಗೆಲ್ಲುತ್ತಾನೆ, ಮೂವತ್ತೊಂದು ಅಡಿ ಮುಂದಿದ್ದಾನೆ. ಯಾವ ಎತ್ತೂ ಮಾತ್ರೆ ತಿಂದಿಲ್ಲ. ಯಾರಿಗೂ ಮೋಸವಿಲ್ಲ. ಎಳೆದದ್ದೆಲ್ಲ ಸ್ವಂತ ಶಕ್ತಿ. ಹೇಳಿದರೆ ಮಾತ್ರ ಕಥೆ ಮುಗಿಯಿತು, ಯಾಕೆಂದರೆ ಅಂಥದ್ದು ಪಾತ್ರೆಯಲ್ಲಿ ಕಂಡರೆ ಸಾಕು, ಜೋಡಿ ಹೊರಗೆ ಎಂದು ಹಲಗೆಯಲ್ಲಿ ಬರೆದಿತ್ತು.

ಕಾಲು ಚಾಚಿದಳು. ಹೆಬ್ಬೆರಳು ತಪ್ಪಲೆಯ ಅಂಚಿಗೆ ತಾಗಿತು. ಬಿಸಿಲಿಗೆ ಕಾದಿತ್ತು.

ಎದುರಿಗೆ ದೊಡ್ಡಯ್ಯ ಗೂಟದ ಹತ್ತಿರ ನಿಂತು, ಇನ್ನೂ ಯಾಕೆ ಊಟ ಬರಲಿಲ್ಲ ಎಂದು ಇತ್ತ ಕಡೆಯೇ ನೋಡುತ್ತಿದ್ದ. ಬೆಳಗಿನ ಬೆವರು ಆರಿ ಅವನ ಬೆನ್ನಿನ ಮೇಲೆ ಉಪ್ಪು ಕಟ್ಟಿತ್ತು. ಆ ಬೆನ್ನಿಗೆ ಒಂದು ಸುಳ್ಳನ್ನು ಹೊರಿಸಬೇಕಲ್ಲ ಎಂದು ಅವಳಿಗೆ ಅನಿಸಿತು. ಈ ನಿಯಮಕ್ಕೆ ಕಾವಲು ಅಂತ ಯಾರಿದ್ದಾರೆ? ನಂದೀಶ್ವರಯ್ಯ ಕಣ್ಣು ನೋಡಬಲ್ಲರು, ಹೊಟ್ಟೆಯೊಳಗೆ ಇಣುಕಲಾರರು. ಉಂಡವರು ಉಂಡದ್ದನ್ನು ಹೇಳಿದರೆ ನಿಯಮ, ಇಲ್ಲದಿದ್ದರೆ ಅದು ಬರೀ ಹಲಗೆ. ಮಾಡಿಸಿದವಳೇ ಕಾಲು ಚಾಚಿ ಚೆಲ್ಲಿದರೆ ಮುಂದಿನ ವರ್ಷ ಇನ್ನೊಬ್ಬ ಚೆಲ್ಲುತ್ತಾನೆ, ಅದರ ಮುಂದಿನ ವರ್ಷ ಮತ್ತೊಬ್ಬ ಚೆಲ್ಲದೆಯೇ ತಿನ್ನಿಸುತ್ತಾನೆ. ಆಮೇಲೆ ಯಾವುದೋ ಎತ್ತು ಯಾರದೋ ತೊಡೆಯ ಮೇಲೆ ತಲೆಯಿಟ್ಟು ಸಾಯುತ್ತದೆ.

ಕಾಲು ಎಳೆದುಕೊಂಡಳು. ಎದ್ದು ನಿಂತಳು.

"ಸ್ವಾಮೀ" ಎಂದಳು. ಅವಳ ದನಿಗೆ ಬಯಲಿನ ಆ ತುದಿಯವರೂ ತಿರುಗಿದರು. "ನನ್ ತಪ್ಪಲೇಲಿ ಮಾತ್ರೆ ಬೆರ್ತೈತೆ. ಲಾರಿ ಡ್ರೈವರ್ಗಳು ನುಂಗೋ ಮಾತ್ರೆ. ಒಂದು ಬಟ್ಲು ನಾನು ತಿಂದಿವ್ನಿ. ಬಾಯಿ ಒಣಗೈತೆ, ಎದೆ ಹಾರ್ತೈತೆ, ಕಾಲ್ನೋವು ಗೊತ್ತಾಗ್ತಿಲ್ಲ. ಎತ್ಗಳು ಇನ್ನೂ ತಿಂದಿಲ್ಲ."

ಪಾಲಪ್ಪ ಬಾಯಿ ತೆರೆದವನು ಹಾಗೇ ಇದ್ದ. ನಂದೀಶ್ವರಯ್ಯ ಓಡಿಬಂದರು, ಸಂಕೋಚ ಬಿಟ್ಟು ಅವಳ ಕೈನಾಡಿ ಹಿಡಿದರು, ಕಣ್ಣು ನೋಡಿದರು, ಯಾರಿಗೋ ಮಜ್ಜಿಗೆ ತರಲು ಹೇಳಿದರು. ತಪ್ಪಲೆಯನ್ನು ತಾವೇ ಎತ್ತಿ ದೂರ ಇಟ್ಟರು. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, "ಎತ್ತು ತಿಂದಿಲ್ಲವಲ್ಲಮ್ಮ. ನೀನಾಗಿಯೇ ಹೇಳಿದ್ದೀಯ. ಬೆಳಿಗ್ಗೆ ಅವು ಎಳೆದದ್ದನ್ನ ನಾನೇ ನೋಡಿದ್ದೇನೆ. ಇದನ್ನ ಸ್ಪರ್ಧೆ ನಡೆಸುವ ಸಂಘದವರ ಹತ್ತಿರ ಮಾತಾಡಿ..." ಎಂದು ರಾಗ ಎಳೆದರು. ಪಾಪ, ಅವರಿಗೂ ದೊಡ್ಡಯ್ಯ ಗೆಲ್ಲುವುದನ್ನು ನೋಡುವ ಆಸೆಯಿತ್ತು. ನ್ಯಾಯ ಹೇಳುವವನಿಗೆ ಆಸೆ ಇರಬಾರದು ಅಂತಾರೆ, ಎಲ್ಲಿ ಇಲ್ಲದಿರುತ್ತದೆ?

"ಹಲಗೇಲಿ ಏನ್ ಬರ್ದಿದೀರಿ ಸ್ವಾಮಿ?" ಎಂದಳು ಕದರಮ್ಮ. "ನಂಗೆ ಓದಕ್ ಬರಕಿಲ್ಲ. ಒಂದ್ಸಲ ಓದ್ಬುಡಿ."

"ಗೊತ್ತಲ್ಲಮ್ಮ ನಿನಗೆ..."

"ಓದಿ. ಎಲ್ರಿಗೂ ಕೇಳಂಗೆ ಓದಿ."

ನಂದೀಶ್ವರಯ್ಯ ಕನ್ನಡಕ ಸರಿಮಾಡಿಕೊಂಡು ಹುಣಸೆ ಮರದ ಹತ್ತಿರ ಹೋದರು. "ಉಣಿಸುವ ಕೈ ಮೊದಲು ಉಣ್ಣಬೇಕು" ಎಂದು ಓದಿದರು. "ಉಂಡು ಒಂದು ಗಂಟೆ ತೀರ್ಪುಗಾರರ ಎದುರು ಕೂರಬೇಕು. ಸಾರಾಯಿ, ಗಾಂಜಾ, ಅಫೀಮು, ಯಾವುದೇ ಬಗೆಯ ಮಾತ್ರೆ ಪಾತ್ರೆಯಲ್ಲಿ ಕಂಡರೂ ಆ ಜೋಡಿ ಹೊರಗೆ. ಇದಕ್ಕೆ ಯಾರೂ ಹೊರತಲ್ಲ."

ಅವರು ಓದುವಷ್ಟು ಹೊತ್ತೂ ಕದರಮ್ಮ ನೆಟ್ಟಗೆ ನಿಂತು ಕೇಳಿದಳು. ತನ್ನ ಬಾಯಿಂದ ಬಂದ ಕೂಗು ಇಷ್ಟು ಚಂದದ ಮಾತಾಗಿದೆ ಎಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹೋಗಿ ದೊಡ್ಡಯ್ಯನ ಹಗ್ಗವನ್ನು ಗೂಟದಿಂದ ಬಿಚ್ಚಿದಳು, ಸಣ್ಣಯ್ಯನದೂ ಬಿಚ್ಚಿದಳು. ದೊಡ್ಡಯ್ಯನ ಕತ್ತಿಗೆ ಮುಖ ಒತ್ತಿಕೊಂಡು ಎರಡು ನಿಮಿಷ ಅತ್ತಳು. ಇನ್ನು ಅವನು ಬಂಡೆ ಎಳೆಯುವುದಿಲ್ಲ. ಅವನಂಥ ಎತ್ತು ಇಲ್ಲವೆಂದು ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ. ಆ ದುಃಖ ದೊಡ್ಡದು, ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ.

ಅವಳು ಎತ್ತುಗಳನ್ನು ನಡೆಸಿಕೊಂಡು ಬಯಲು ದಾಟುವಾಗ ಜನ ದಾರಿ ಬಿಟ್ಟರು. ಯಾರೂ ನಗಲಿಲ್ಲ. ಏನೋ ಹೇಳಲು ಹೊರಟ ಪಾಲಪ್ಪನ ಕೈಯನ್ನು ಅವನ ಊರಿನವರೇ ಹಿಡಿದರು.

ಮಧ್ಯಾಹ್ನದ ಸುತ್ತಿನಲ್ಲಿ ನಿಯಾಜ್ ಅಹಮದರ ಗಾಣದ ಎತ್ತುಗಳು ಗೆದ್ದವು. ಬಹುಮಾನದ ಬೆಳ್ಳಿಯ ಕಡಗ ತೆಗೆದುಕೊಂಡವರೇ ಅವರು ಊರ ಬಾವಿಯ ಹತ್ತಿರ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ಕದರಮ್ಮನನ್ನು ಹುಡುಕಿಕೊಂಡು ಬಂದರು. ಕಡಗ ಕೊಡಲು ಬಂದಿರಲಿಲ್ಲ. ಅದನ್ನು ಕೊಟ್ಟಿದ್ದರೆ ಅವಳು ಅವರನ್ನು ಬಾವಿಗೆ ತಳ್ಳುತ್ತಿದ್ದಳು, ಅದು ಅವರಿಗೆ ಗೊತ್ತಿತ್ತು. ದೊಡ್ಡಯ್ಯನ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು.

"ನಾನು ಗೆದ್ದೆ ಅಂತ ಶಿರಾದಲ್ಲಿ ಎಲ್ರಿಗೂ ಹೇಳ್ತೀನಿ ಬೆಹನ್, ಗೆದ್ದಿದ್ದು ಗೆದ್ದಿದ್ದೇ" ಎಂದರು. "ಯಾರು ಎದ್ದು ಹೋದ್ಮೇಲೆ ಗೆದ್ದೆ, ಅದನ್ನೂ ಹೇಳ್ತೀನಿ. ಮೊದ್ಲು ಅದೇ ಹೇಳ್ತೀನಿ, ಖುದಾ ಕಸಂ."

"ನಿಮ್ಮೆತ್ತು ಎಡಕ್ಕೆ ವಾಲ್ತವೆ ಸಾಹೇಬ್ರೆ" ಎಂದಳು ಕದರಮ್ಮ. "ಗಾಣ ಒಂದಿನ ಬಲಕ್ಕೂ ಸುತ್ಸಿ." ಅವರು ಹಣೆಗೆ ಕೈಯಿಟ್ಟು ಸಲಾಂ ಮಾಡಿ ಹೋದರು.

ಮಾತ್ರೆಯ ಉರಿ ಇಳಿಯಲು ಮಾರನೆಯ ದಿನವಾಯಿತು. ಇಳಿದ ಮೇಲೆ ಕದರಮ್ಮನಿಗೆ ಕಾಲುನೋವು, ಸೊಂಟನೋವು ಎಲ್ಲ ಬಡ್ಡಿ ಸಮೇತ ಬಂದವು. ವಾಪಸಿನ ದಾರಿಯಲ್ಲಿ ಅವಳು ಬೈರಪ್ಪನಿಗೆ ಒಂದು ಮಾತೂ ಬೈಯಲಿಲ್ಲ, ಒಂದು ಮಾತೂ ಆಡಲೂ ಇಲ್ಲ. ಮಧುಗಿರಿಯಲ್ಲಿ ಒಬ್ಬರು, ಅದರಾಚೆ ಮತ್ತೊಬ್ಬರು, "ಗೆದ್ರೇನಮ್ಮಾ?" ಎಂದು ಕೇಳಿದರು. ಪ್ರತಿ ಸಲವೂ ಅವಳು "ಇಲ್ಲ, ನಮ್ಮೆತ್ನ ಹೊರಕ್ ಹಾಕುದ್ರು. ಮೇವಲ್ಲಿ ಮಾತ್ರೆ ಬೆರ್ತಿತ್ತು" ಎಂದು ಮಾತ್ರ ಹೇಳಿ ನಡೆದಳು. ಯಾರು ಬೆರೆಸಿದರೆಂದು ಹೇಳಲಿಲ್ಲ. ಜನ ಅವಳನ್ನೇ ವಿಚಿತ್ರವಾಗಿ ನೋಡಿದರು. ಕೊನೆಗೆ ಸಿಕ್ಕವನೊಬ್ಬ, "ಅಂದ್ರೆ ನೀನೇ ಹಾಕಿ ಸಿಕ್ಕಾಕ್ಕೊಂಡ್ಯಾ?" ಎಂದು ಹಲ್ಲು ಕಿರಿದ. ಅವಳು ಎತ್ತುಗಳ ಹಗ್ಗ ಹಿಡಿದು ಮುಂದಕ್ಕೆ ನಡೆದಳು. ಮೂಟೆ ಹೊತ್ತು ಹಿಂದೆ ಬರುತ್ತಿದ್ದ ಬೈರಪ್ಪ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ಕೊಳಾಲದವರಿಗೆ ಬೆಳಗಿನ ಸುತ್ತಿನ ಸುದ್ದಿ ಮಾತ್ರ ತಲುಪಿತ್ತು. ಇನ್ನೂರಾ ಹನ್ನೊಂದು ಅಡಿ! ಗೆದ್ದೇ ಬರುತ್ತಾರೆಂದು ಊರೇ ಬಾಗಿಲಿಗೆ ಬಂದು ನಿಂತಿತ್ತು. ನರಸಮ್ಮ ಎಂಬ ಹಣ್ಣು ಮುದುಕಿ ಆರತಿ ತಟ್ಟೆ ಹಿಡಿದಿದ್ದಳು. ತಮಟೆಯವರು ನಾಲ್ಕು ಜನ ತಮಟೆಯನ್ನು ಬೆಂಕಿಗೆ ಕಾಯಿಸಿಕೊಂಡು ಕಾದಿದ್ದರು. ಎತ್ತುಗಳು ತಿರುವಿನಲ್ಲಿ ಕಂಡ ಕೂಡಲೇ ಬಾರಿಸಿದರು. ಹತ್ತಿರ ಬಂದಾಗ, ಕಡಗವಿಲ್ಲದ ಕೈ ಕಂಡು, ಒಂದೊಂದೇ ತಮಟೆ ನಿಂತಿತು.

"ಏನಾಯ್ತೇ ಕದ್ರಿ?" ಎಂದಳು ನರಸಮ್ಮ.

ಕದರಮ್ಮ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ದೊಪ್ಪನೆ ಮೂಟೆ ನೆಲಕ್ಕೆ ಬಿದ್ದ ಸದ್ದಾಯಿತು. ಬೈರಪ್ಪ ಅವಳನ್ನು ದಾಟಿ ಮುಂದೆ ಬಂದು ನಿಂತ. ಊರಿನ ಮುಂದೆ ಅವನು ಮಾತಾಡಿದ್ದನ್ನು ಊರು ಕೇಳಿರಲಿಲ್ಲ.

"ಗೆಲ್ಲಲಿಲ್ಲ" ಎಂದ. "ಹೊರಕ್ ಹಾಕುದ್ರು. ಹುರುಳೀಲಿ ಮಾತ್ರೆ ಅರ್ದು ಹಾಕ್ದೋನು ನಾನು. ಇವ್ಳಿಗೆ ಗೊತ್ತಿರ್ಲಿಲ್ಲ. ತಪ್ಪು ನಂದು, ನನ್ನೊಬ್ಬಂದೇ. ನನ್ನ ಹೆಂಡ್ರು ಸುಮ್ನಿದ್ದಿದ್ರೆ ಆ ದೇವ್ರಿಗೂ ಗೊತ್ತಾಗ್ತಿರ್ಲಿಲ್ಲ, ಗೆದ್ದು ಕಡಗ ತಕಂಡು ಬರ್ತಿದ್ವಿ. ಅಷ್ಟು ಜನದ ಎದ್ರಿಗೆ ಎದ್ದು ನಿಂತು ತಾನೇ ಹೇಳುದ್ಲು. ಅವ್ರೇ ಬುಟ್ಬುಡ್ತೀವಿ ಅಂದ್ರೂ ಬುಡ್ಲಿಲ್ಲ, ಹಲಗೆ ಓದ್ಸಿ ಹೊರಕ್ ಬಂದ್ಲು. ಅಂಥೋಳು ಕಣ್ರಪ್ಪ ನನ್ನ ಹೆಂಡ್ತಿ."

ಉಸಿರು ತೆಗೆದುಕೊಂಡ. ತಮಟೆಯವರು ಬಾರಿಸಬೇಕೋ ಬೇಡವೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬೈರಪ್ಪ ಅವರ ಕಡೆ ತಿರುಗಿದ.

"ಏನ್ ನೋಡ್ತೀರ? ಬಾರ್ಸ್ರಲಾ!"

ಬಾರಿಸಿದರು.